ಜಪಾನಿ ಕಾರಿನ ನಾಲ್ಕು ಪಿನ್ನುಗಳು

ಆ ಕಾರಿಗಾಗಿ ನಾನು ಮಾಡಿದ ಮೊದಲ ಸಾಮಾನು, ಹಳೆಯದು ಎಷ್ಟು ಹಾಳಾಗಿತ್ತೋ ಅಷ್ಟೇ ಹಾಳಾಗಿತ್ತು.

ಉಸ್ತಾದ್ ಸವೆದ ಹಿತ್ತಾಳೆ ಬುಶ್ಶೊಂದನ್ನು, ಅಂದರೆ ಸರಳು ತಿರುಗುವ ಗಿಡ್ಡ ಕೊಳವೆಯನ್ನು, ಕೈಗಿಟ್ಟು "ಇದರಂಗ ಎರಡು ಮಾಡು" ಎಂದಿದ್ದರು. ಅದರ ಒಳತೂತು ಒಂದು ಕಡೆ ಸವೆದು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ನಾನು ಲೇತಿನಲ್ಲಿ ಗುಂಡಗೆ ಕೊರೆದು, ಆಮೇಲೆ ಅರ್ಧ ದಿನ ಅರ ಹಿಡಿದು ಉಜ್ಜಿ, ಹೊಸ ಬುಶ್ಶಿಗೂ ಅದೇ ಮೊಟ್ಟೆಯ ಆಕಾರ ತಂದೆ. ಅಂಚಿನಲ್ಲಿ ಒಂದು ಸೀಳಿತ್ತು. ಅದನ್ನೂ ಬಿಡಲಿಲ್ಲ, ಗರಗಸದಿಂದ ಅಷ್ಟೇ ಉದ್ದ ಸೀಳಿದೆ. ಎರಡನ್ನೂ ಹಳೆಯದರ ಪಕ್ಕದಲ್ಲಿಟ್ಟು, ಹೆತ್ತವರಿಗೂ ಗುರುತು ಸಿಗಬಾರದು ನೋಡಿ ಎಂದು ಎದೆಯುಬ್ಬಿಸಿ ನಿಂತೆ.

ಉಸ್ತಾದ್ ಹೆಬ್ಬೆರಳನ್ನು ಒಳಗೆ ಹಾಕಿ ಒಂದು ಸುತ್ತು ತಿರುಗಿಸಿದರು.

"ಲೇ ಸರ್ಕಸ್, ಜಪಾನದವರು ಗಾಡಿ ಮಾಡ್ಯಾರ. ಅದಕ್ಕ ಆಮ್ಯಾಗ ರೋಗ ಬಂದೈತಿ. ನೀನು ರೋಗಾನೂ ಸೇರಿಸಿ ಮಾಡೀಯಲ್ಲೋ!"

"ನೀವ ಇದರಂಗ ಮಾಡು ಅಂದ್ರಿ ಉಸ್ತಾದ್."

"ಹಳೇದು ಈಗ ಹೆಂಗೈತಿ ಅಂತ ನೋಡಬ್ಯಾಡ. ಹೊಸದಿದ್ದಾಗ ಹೆಂಗಿತ್ತು ಅಂತ ನೋಡು. ಸವದದ್ದು ಎಲ್ಲಿ, ಸವೀದೇ ಇದ್ದದ್ದು ಎಲ್ಲಿ, ಅದು ಕಂಡರ ಸಾಮಾನು ಮಾಡಾಕ ಬರ್ತೈತಿ."

ನಾನು ಮಾಡಿದ ಎರಡೂ ಬುಶ್ಶುಗಳನ್ನು ಅವರು ಹಳೆಯದರ ಜೊತೆಗೇ ತಂತಿಗೆ ಪೋಣಿಸಿ ಗೋಡೆಗೆ ತೂಗುಹಾಕಿದರು. ಅದು ನಮ್ಮ ಅಂಗಡಿಯ ರೂಢಿ. ಯಾವುದೇ ಗಾಡಿಯ ಹಳೇ ಸಾಮಾನು ಬಂದರೂ, ಹೊಸದು ಕೂತು ಗಾಡಿ ಓಡುವ ತನಕ ಅದು ಮೊಳೆಯ ಮೇಲಿರಬೇಕು. ಜಪಾನಿ ಕಾರಿಗೆ ಒಂದು ಮೊಳೆ ಸಾಲದೆ ಒಂದು ಸಾಲನ್ನೇ ಬಿಟ್ಟುಕೊಟ್ಟಿದ್ದೆವು. ಆ ಸಾಲಿನ ಮೊದಲ ಎರಡು ಮೊಳೆಗಳಲ್ಲಿ ನನ್ನ ಮಾನ ನೇತಾಡುತ್ತಿತ್ತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಇಪ್ಪತ್ತು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಉಸ್ತಾದರ ಅಂಗಡಿ: ಒಂದು ಲೇತು, ಒಂದು ಡ್ರಿಲ್ಲು, ಮೂಲೆಯಲ್ಲಿ ಕುಲುಮೆ, ಎರಡು ಸ್ಟೂಲು. ಲೇತಿನ ಮೇಲೆ ನಾನು, ಕುಲುಮೆಯ ಮುಂದೆ ಅವರು. ನನಗೆ ಸರ್ಕಸ್ ಎಂಬ ಹೆಸರು ಬಿದ್ದದ್ದು, ಸೇರಿದ ಮೊದಲ ವಾರವೇ ಲೇತಿನಲ್ಲಿ ಸಾಮಾನು ಕಚ್ಚಿ ಹಿಡಿಯುವ ಚಕ್ಕಿನ ಕೀಲಿ ತೆಗೆಯುವುದನ್ನು ಮರೆತು ಸ್ವಿಚ್ಚು ಒತ್ತಿ, ಕೀಲಿ ಹಾರಿ ಎದುರಿನ ಹೋಟೆಲಿನ ಇಡ್ಲಿ ಪಾತ್ರೆಗೆ ಬಿದ್ದ ಮೇಲೆ. ಪಾತ್ರೆಯ ತೂತು ಮುಚ್ಚಿಕೊಟ್ಟೆ. ಹೆಸರು ಮುಚ್ಚಲಾಗಲಿಲ್ಲ.

ಕಾರು ಸಿರುಗುಪ್ಪದಿಂದ ಟ್ರಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು ಬಂತು. ಸ್ಟೇರಿಂಗ್ ಹಿಡಿದು ಕೂತಿದ್ದವರು ಒಬ್ಬ ಹೆಂಗಸು. ಸಿರುಗುಪ್ಪದ ಹೈಸ್ಕೂಲಿನಲ್ಲಿ ಗಣಿತ ಹೇಳುವ ಟೀಚರು. ನಾನು ಅವರನ್ನು ಅಕ್ಕಾರು ಎನ್ನುತ್ತಿದ್ದೆ. ಅವರ ಗಂಡ ಹಡಗಿನಲ್ಲಿ ಎಂಜಿನಿಯರಾಗಿದ್ದವರು. ಜಪಾನಿನಲ್ಲಿ ಕೊಂಡ ಆ ಎರಡು ಬಾಗಿಲಿನ ಓಟದ ಕಾರನ್ನು ಹಡಗಿನಲ್ಲೇ ಮದ್ರಾಸಿಗೆ ಇಳಿಸಿ ಮನೆಗೆ ತಂದಿದ್ದರು. ಅಕ್ಕಾರಿಗೆ ಓಡಿಸಲು ಕಲಿಸಿದವರೂ ಅವರೇ. ಅವರು ತೀರಿಕೊಂಡ ಮೇಲೆ ಕಾರು ಮೈದುನನ ಅಕ್ಕಿ ಗಿರಣಿಯ ಶೆಡ್ಡಿನಲ್ಲಿ ಆರು ವರ್ಷ ನಿಂತಿತ್ತು. ಬಾಗಿಲು ತೆಗೆದರೆ ತೌಡು ಸುರಿಯಿತು. ಡಿಕ್ಕಿಯಲ್ಲಿ ಇಲಿಗಳು ಮೂರು ತಲೆಮಾರಿನ ಸಂಸಾರ ಮಾಡಿದ್ದವು. ವೈರು ಒಂದೂ ಉಳಿದಿರಲಿಲ್ಲ.

ಬಜಾರಿನ ಜನ ಸುತ್ತ ನೆರೆದರು. ಅಷ್ಟು ತಗ್ಗಿನ ಕಾರನ್ನು ಯಾರೂ ನೋಡಿರಲಿಲ್ಲ.

"ಇದರ ಮ್ಯಾಲ ಯಾರಾರ ಕುಂತಿದ್ರೇನ್ರಿ?" ಎಂದೆ ನಾನು. "ಹಿಂಗ್ಯಾಕ ಚಪ್ಪಟಿ ಆಗೈತಿ?"

ಅಕ್ಕಾರು ತಲೆಯ ಮೇಲಿನ ತೌಡು ಕೊಡವಿಕೊಂಡರು. "ನನ ಮೈದುನ ಕುಂತಿದ್ದ ತಮ್ಮಾ. ಗುಜರಿಗೆ ಹಾಕೂಣು ಅಂತ ಆರು ವರ್ಷದಿಂದ ಅದರ ಮ್ಯಾಲ ಕುಂತಾನ." ಆಮೇಲೆ ಉಸ್ತಾದರ ಕಡೆ ತಿರುಗಿದರು. "ಉಸ್ತಾದರ, ನಾ ಇದನ್ನ ಓಡಿಸಿಕೊಂಡು ಸಿರುಗುಪ್ಪಕ್ಕ ಹೋಗಬೇಕು. ಎಳಸಿಕೊಂಡು ಅಲ್ಲ, ಓಡಿಸಿಕೊಂಡು. ಆಕ್ಕೈತೇನು?"

ಉಸ್ತಾದ್ ಕಾರಿನ ಮುಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದರು. ಅದು ಸಡಿಲವಾದ ಹಲ್ಲಿನಂತೆ ಅಲುಗಿತು. "ಸಾಮಾನು ಸಿಗಂಗಿಲ್ಲಮ್ಮಾ. ಮಾಡಬೇಕಾಕ್ಕೈತಿ. ಮಾಡೂಣು."

ಸಿಗುವುದಿಲ್ಲ ಎಂಬುದು ನಿಜವೇ ಆಗಿತ್ತು. ಮದ್ರಾಸಿನ ಮೂರು ಅಂಗಡಿಗಳಿಗೆ ಅಕ್ಕಾರು ಇಂಗ್ಲಿಷಿನಲ್ಲಿ ಪತ್ರ ಬರೆದರು. ಒಂದರಿಂದ ಉತ್ತರ ಬರಲಿಲ್ಲ. ಇನ್ನೊಂದರಿಂದ, ಇಂಥ ಕಾರು ನಮ್ಮ ದೇಶದಲ್ಲಿಲ್ಲ ಎಂದು ಬಂತು. ಮೂರನೆಯವರು ಹೊಲಿಗೆ ಯಂತ್ರದ ಪಟ್ಟಿ ಕಳಿಸಿದರು. ಹಾಗಾಗಿ ಜೀಪಿನ ನೀರಿನ ಪಂಪನ್ನು ಕೊಯ್ದು ಕಿರಿದು ಮಾಡಿದೆವು. ಅಂಬಾಸಿಡರಿನ ಬ್ರೇಕ್ ರಬ್ಬರುಗಳಲ್ಲಿ ಹೊಂದುವುದನ್ನು ಒಂದೊಂದಾಗಿ ಹಾಕಿ ನೋಡಿ ಆರಿಸಿದೆವು. ಎಂಜಿನ್ ತಲೆಯ ಕೆಳಗಿನ ಪ್ಯಾಕಿಂಗನ್ನು ತಾಮ್ರದ ತಗಡಿನಲ್ಲಿ ಕೈಯಿಂದಲೇ ಕತ್ತರಿಸಿದೆವು.

ದೊಡ್ಡ ತಕರಾರು ಅಳತೆಯದು. ನಮ್ಮ ಲೇತು ಬ್ರಿಟಿಷರ ಕಾಲದ್ದು, ಅದಕ್ಕೆ ಇಂಚು ಬಿಟ್ಟರೆ ಬೇರೆ ಭಾಷೆ ಬರದು. ಕಾರಿನದೆಲ್ಲ ಮಿಲಿಮೀಟರು. ಮೊದಲ ದಿನ ನಾನು ಇಂಚಿನ ನಟ್ಟನ್ನು ಚಕ್ರದ ಬೋಲ್ಟಿಗೆ ಹಾಕಿದೆ. ಎರಡು ಸುತ್ತು ಸಲೀಸಾಗಿ ಹೋಯಿತು. ಮೂರನೆಯದಕ್ಕೆ ಬಿಗಿಯಿತು. ಬಿಗಿದದ್ದು ನನಗೆ ಭೇಷಾಗಿ ಕಂಡಿತು. ಪಾನಾಕ್ಕೆ ಪೈಪು ಸೇರಿಸಿ, ಅದರ ಮೇಲೆ ಹತ್ತಿ ನಿಂತು ಕುಣಿದೆ. ಬೋಲ್ಟಿನ ಥ್ರೆಡ್ಡು ಬಳೆಬಳೆಯಾಗಿ ಎದ್ದುಬಂತು. ಆಮೇಲೆ ಇಂಚಿನ ಲೇತಿನಲ್ಲಿ ಮಿಲಿಮೀಟರ್ ಥ್ರೆಡ್ಡು ಕೊರೆಯಲು ನೂರಿಪ್ಪತ್ತೇಳು ಹಲ್ಲಿನ ಚಕ್ರ ಬೇಕೆಂದು ಅಕ್ಕಾರು ಲೆಕ್ಕ ಮಾಡಿ ಹೇಳಿದರು. ನಮ್ಮಲ್ಲಿದ್ದದ್ದು ಅರವತ್ತಮೂರರದ್ದು. ಅದಕ್ಕೆ ಎರಡು ಪಟ್ಟು ಹಾಕಿದರೆ ಒಂದೇ ಹಲ್ಲು ಕಮ್ಮಿ. ಗಿಡ್ಡ ಬೋಲ್ಟಿಗೆ ಅಷ್ಟು ತಪ್ಪು ತಡೆಯುತ್ತದೆ ಎಂದರು. ತಡೆಯಿತು.

ಉಳಿದದ್ದು ನಾಲ್ಕು ಪಿನ್ನು.

ಸ್ಟೇರಿಂಗ್ ತಿರುಗಿಸಿದರೆ ಚಕ್ರ ತಿರುಗಬೇಕಲ್ಲ, ಆ ಸರಳುಗಳ ಕೀಲುಗಳಲ್ಲಿ ಗುಂಡು ತಲೆಯ ಪಿನ್ನುಗಳಿರುತ್ತವೆ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ಅದು ಮುರಿದರೆ ಚಕ್ರ ತನಗೆ ಬೇಕಾದ ಕಡೆ ಹೋಗುತ್ತದೆ, ಓಡಿಸುವವರ ಕೈಯಲ್ಲಿ ಬರೀ ಬಳೆ ಉಳಿಯುತ್ತದೆ. ಮೆದುವಾದರೆ ಸವೆಯುತ್ತದೆ, ತೀರ ಗಟ್ಟಿಯಾದರೆ ಗಾಜಿನ ಹಾಗೆ ಮುರಿಯುತ್ತದೆ. ನಡುವೆ ಒಂದು ಹದವಿದೆ.

ಅದಕ್ಕೆ ಒಳ್ಳೆಯ ಉಕ್ಕು ಬೇಕು. ಕುರುಗೋಡಿನಲ್ಲಿ ಲಾರಿಯೊಂದರ ಆಕ್ಸೆಲ್ ಮುರಿದು ಬಿದ್ದಿದೆ ಎಂದು ಸುದ್ದಿ ಸಿಕ್ಕಿ, ಹೋಗಿ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ.

"ಯಾರಪ್ಪಾ ಇದು, ತೊಡಿ ಮ್ಯಾಲ?" ಎಂದ ಕಂಡಕ್ಟರು.

"ಹೇಣ್ತಿ ರೀ. ಸ್ವಲ್ಪ ಗಟ್ಟಿಮೈ."

"ಹಂಗಾರ ಆಕಿಗೂ ಟಿಕೆಟ್ ತಗಿ."

ತೆಗೆದೆ. ಬಳ್ಳಾರಿ ತಲುಪುವ ಹೊತ್ತಿಗೆ ಎರಡೂ ಕಾಲು ಜೋಮು ಹಿಡಿದು, ಇಳಿಯಲು ಹೋಗಿ ಹೆಂಡತಿಯ ಸಮೇತ ಚರಂಡಿಗೆ ಬಿದ್ದೆ.

ಪಿನ್ನುಗಳನ್ನು ಕೊರೆದವನು ನಾನು. ಹದ ಹಾಕುವವರು ಉಸ್ತಾದ್. ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರೆ ಉಕ್ಕು ಗಟ್ಟಿಯಾಗಿ ಗಾಜಾಗುತ್ತದೆ; ಅಷ್ಟರ ತನಕ ನನ್ನ ಕೆಲಸ. ಆಮೇಲೆ ಅದನ್ನು ಎಮರಿ ಕಾಗದದಿಂದ ಬೆಳ್ಳಗೆ ಉಜ್ಜಿ, ಕಾದ ತಗಡಿನ ಮೇಲಿನ ಮರಳಿನಲ್ಲಿಟ್ಟು ನಿಧಾನವಾಗಿ ಬಿಸಿ ಮಾಡಬೇಕು. ಆಗ ಅದರ ಮೈಮೇಲೆ ಬಣ್ಣ ಏರುತ್ತದೆ. ನಮ್ಮ ಅಂಗಡಿಯಲ್ಲಿ ಆ ಬಣ್ಣಗಳಿಗೆ ಹೆಸರಿದ್ದವು. ಮೊದಲು ಒಣಹುಲ್ಲು, ಆಮೇಲೆ ಬೆಲ್ಲ, ಆಮೇಲೆ ಬದನೆಕಾಯಿ, ಕೊನೆಗೆ ನವಿಲುಗೊರಳು. ಉಳಿಗೆ ಹುಲ್ಲಿನ ಬಣ್ಣ ಸಾಕು. ಪೆಟ್ಟು ತಿನ್ನುವ ಪಿನ್ನಿಗೆ ನವಿಲುಗೊರಳು ಬರಬೇಕು. ಬಂದ ಕ್ಷಣಕ್ಕೆ ತೆಗೆಯಬೇಕು. ಬೆಳಕು ಹೆಚ್ಚಿದ್ದರೆ ಬಣ್ಣ ಮೋಸ ಮಾಡುತ್ತದೆಂದು ಉಸ್ತಾದ್ ಶೆಟರನ್ನು ಅರ್ಧ ಇಳಿಸಿಯೇ ಕೂರುತ್ತಿದ್ದರು. ಆ ಹೊತ್ತಿನಲ್ಲಿ ಅವರ ಹೊರತು ಯಾರೂ ಬಾಯಿ ಬಿಡಬಾರದು. ಅಂಗಡಿಯಲ್ಲಿದ್ದದ್ದು ಅದೊಂದೇ ಕಾನೂನು. ನನ್ನಂಥವನೂ ಅದನ್ನು ಮುರಿದಿರಲಿಲ್ಲ.

ಬಳ್ಳಾರಿಯ ಲಾರಿ ಡ್ರೈವರುಗಳು ಘಾಟಿ ಇಳಿಯುವಾಗ ಹೆದರುವ ಕ್ಲೀನರುಗಳಿಗೆ "ಉಸ್ತಾದ್ ಬಣ್ಣ ನೋಡ್ಯಾರ, ಸುಮ್ನ ಕುಂಡ್ರು" ಎನ್ನುತ್ತಿದ್ದರಂತೆ. ಮೂವತ್ತು ವರ್ಷದಲ್ಲಿ ಅವರು ಗಳಿಸಿದ್ದು ಆ ಒಂದು ಮಾತು. ಬೇರೆ ಆಸ್ತಿ ಇರಲಿಲ್ಲ.

ಇನ್ನು ನನ್ನ ನಾಣ್ಯದ ವಿಷಯ. ಅಂಗಡಿಯ ಹೊಸ್ತಿಲಿಗೆ ಒಂದು ದಪ್ಪ ಕಬ್ಬಿಣದ ತಗಡು ಹಾಸಿತ್ತು. ಒಂದು ಮಧ್ಯಾಹ್ನ ಕೆಲಸವಿಲ್ಲದೆ ಒಂದು ರೂಪಾಯಿ ನಾಣ್ಯವನ್ನು ಆ ತಗಡಿಗೆ ಹಿತ್ತಾಳೆ ಹಾಕಿ ಬೆಸೆದುಬಿಟ್ಟೆ. ಬಂದವರೆಲ್ಲ ಬಗ್ಗಿದರು. ಚಾ ತರುವವನು ಬಗ್ಗಿ ಎರಡು ಲೋಟ ಚಾ ಚೆಲ್ಲಿದ. ಒಬ್ಬ ಜಮೀನುದಾರರು ಪಂಚೆ ಕಟ್ಟುವ ನೆಪ ಮಾಡಿ ಬಗ್ಗಿದರು. ನಾನು ಲೇತಿನ ಹಿಂದೆ ಹೊಟ್ಟೆ ಹಿಡಿದು ಕೂತೆ.

ಆಗ ಉಸ್ತಾದ್ ನಮಾಜು ಮುಗಿಸಿ ಬಂದರು. ನೆಲದಲ್ಲಿ ಒಂದು ವಾಶರು ಬಿದ್ದಿದ್ದರೂ ಎತ್ತಿ ಡಬ್ಬಿಗೆ ಹಾಕಿ, ನನಗೆ ಎರಡು ಬೈಗುಳ ಹಾಕಿ ಕೂರುವ ಮನುಷ್ಯ. ಬಿಸಿಲು ನೇರವಾಗಿ ನಾಣ್ಯದ ಮೇಲಿತ್ತು. ಅವರು ಅದನ್ನು ತುಳಿದು, ದಾಟಿ, ಒಳಗೆ ಬಂದು ಕೂತರು.

"ಉಸ್ತಾದಗ ರೂಪಾಯಿ ಅಂದ್ರ ಕಸ!" ಎಂದು ಚಾದವನು ನಕ್ಕ. ನಾನೂ ನಕ್ಕೆ. ನಗುತ್ತ ನಗುತ್ತ ಬಿಸಿಲಿನಲ್ಲಿ ಹೊಳೆಯುತ್ತಿದ್ದ ನಾಣ್ಯವನ್ನು ಇನ್ನೊಮ್ಮೆ ನೋಡಿದೆ. ಆಮೇಲೆ ನಾನು ಗಮನಿಸತೊಡಗಿದೆ. ಅವರು ಅಳತೆಯನ್ನು ಬೆರಳಿನಿಂದಲೇ ನೋಡುತ್ತಿದ್ದರು. ಗಿರಾಕಿ ಮಾತಾಡುವ ತನಕ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಚಾದ ಲೋಟಕ್ಕೆ ಕೈ ಹಾಕುವ ಮೊದಲು ಮೇಜನ್ನು ಒಮ್ಮೆ ಸವರುತ್ತಿದ್ದರು.

ಗೊತ್ತಾದದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಎಂಟು ದಿನ ಕಳೆದ ಮೇಲೆ ಪಿನ್ನುಗಳಿಗೆ ಹದ ಹಾಕುವ ದಿನ ಬಂತು.

ಹಿಂದಿನ ದಿನ ಮಳೆ ಬಿದ್ದು ಇದ್ದಿಲು ಹಸಿಯಾಗಿತ್ತು. ಶೆಟರು ಅರ್ಧ ಇಳಿಯಿತು. ನಾಲ್ಕು ಪಿನ್ನುಗಳೂ ಮರಳಿನಲ್ಲಿ ತಲೆ ಎತ್ತಿ ನಿಂತಿದ್ದವು. ಉಸ್ತಾದರ ತುಟಿ ಸಣ್ಣಗೆ ಅಲುಗುತ್ತಿತ್ತು. ಪ್ರಾರ್ಥನೆ ಇರಬೇಕು ಎಂದುಕೊಂಡೆ. ಪಿನ್ನಿನ ಕುತ್ತಿಗೆಯಲ್ಲಿ ನಸುಹಳದಿ ಮೂಡಿತು. ಹುಲ್ಲು. ಅದು ಹುಲ್ಲಿನಲ್ಲೇ ನಿಂತಿತ್ತು.

"ನವಿಲುಗೊರಳು ಬಂತು," ಎಂದರು ಉಸ್ತಾದ್. "ತಗಿ."

ಇಕ್ಕಳ ನನ್ನ ಕೈಯಲ್ಲಿತ್ತು. ನಾನು ತೆಗೆದೆ. ನಾಲ್ಕನ್ನೂ ತೆಗೆದು ತಗಡಿನ ಮೇಲೆ ಸಾಲಾಗಿಟ್ಟೆ. ಆಗ ಅವರು ಅಷ್ಟು ವರ್ಷದಲ್ಲಿ ಎಂದೂ ಕೇಳದಿದ್ದ ಮಾತು ಕೇಳಿದರು.

"ಹೆಂಗೈತಲೇ ಬಣ್ಣ?"

ಮೊದಲ ಸಲ ಕುಲುಮೆಯ ಮುಂದೆ ನನಗೆ ಬಾಯಿ ಬಿಡಲು ಅಪ್ಪಣೆ ಸಿಕ್ಕಿತ್ತು. ನಾನು ಹೇಳಿದ್ದು ಇದು: "ಏ, ನವಿಲು ನೋಡಿದ್ರ ನಾಚಬೇಕು ಉಸ್ತಾದ್!"

ಅವರ ಮುಖ ಹಗುರಾಯಿತು. ಅದನ್ನು ನೋಡಿ ನನಗೂ ಖುಷಿಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಅವರು ಊಟಕ್ಕೆ ಹೋದಾಗ ಒಂದು ಪಿನ್ನಿನ ಮೇಲೆ ಅರ ಆಡಿಸಿ ನೋಡಿದೆ. ಸರಿಯಾದ ಹದವಿದ್ದರೆ ಅರ ಸ್ವಲ್ಪ ಕಚ್ಚಬೇಕು. ಅದು ಗಾಜಿನ ಮೇಲೆ ಜಾರಿದಂತೆ ಜಾರಿತು. ನಾಲ್ಕರ ಮೇಲೂ ಜಾರಿತು. ಕಾರು ಸಣ್ಣದು, ಲಾರಿಯಷ್ಟು ಭಾರವಿಲ್ಲ, ತಡೆದೀತು ಎಂದು ನನಗೆ ನಾನೇ ಹೇಳಿಕೊಂಡೆ. ನಾಲ್ಕನ್ನೂ ಕೂರಿಸಿದೆ.

ಕಾರು ಚಾಲೂ ಆದ ದಿನ ಬಜಾರಿನ ಅರ್ಧ ಜನ ಬಂದಿದ್ದರು. ಅಕ್ಕಾರು ತೆಂಗಿನಕಾಯಿ ತಂದಿದ್ದರು. "ಕುರುಗೋಡಿಗೆ ಹೋಗಿ ಬಸವಣ್ಣನ ಗುಡಿ ಮುಂದ ಕಾಯಿ ಒಡಕೊಂಡು ಬರೂಣು. ಗಾಡಿನೂ ನೋಡಿದಂಗ ಆಗ್ತೈತಿ. ಉಸ್ತಾದರ, ನೀವು ಮುಂದ ಕುಂಡ್ರಬೇಕು."

"ನಾನೂ ಬರ್ತೀನಿ ಅಕ್ಕಾರ."

"ಎಲ್ಲಿ ಕುಂಡ್ರತೀಯೋ? ಹಿಂದ ಒಂದು ಕೋಳಿಗೂ ಜಾಗ ಇಲ್ಲ."

"ನಾನು ಕೋಳಿಗಿಂತ ಕಡಿಮಿ ರೀ. ಉಸ್ತಾದರನ್ನ ಕೇಳ್ರಿ."

ಸೀಟುಗಳ ಹಿಂದೆ ಮೊಣಕಾಲನ್ನು ಗಲ್ಲಕ್ಕೆ ಹಚ್ಚಿಕೊಂಡು, ಕಾಯಿ ತಬ್ಬಿ ಕೂತೆ. ಮುರಿದರೆ ನಾನೂ ಒಳಗಿರಲಿ ಎಂದು. ಆಗ ಅದನ್ನು ಧೈರ್ಯ ಎಂದುಕೊಂಡಿದ್ದೆ. ಬಾಯಿ ತೆಗೆಯಲು ಆಗದವನು ಮಾಡುವ ಕೆಲಸ ಅದು ಎಂದು ಈಗ ಗೊತ್ತು.

ಕಾರು ಚೆನ್ನಾಗಿ ಓಡಿತು. ಕೊಳಗಲ್ಲು ದಾಟಿದ ಮೇಲೆ ಅಕ್ಕಾರು ಮೊದಲ ಸಲ ನಕ್ಕರು. "ಕೇಳ್ರಿ ಉಸ್ತಾದರ, ಹೆಂಗ ಹಾಡಾಕತ್ತೈತಿ!" ಉಸ್ತಾದ್ ಕಣ್ಣು ಮುಚ್ಚಿ ಎಂಜಿನ್ ಕೇಳುತ್ತಿದ್ದರು. ಎದುರಿಗೆ ಹೊಟ್ಟು ತುಂಬಿದ ಚಕ್ಕಡಿ ಬಂತು. ಅಕ್ಕಾರು ನಿಧಾನ ಮಾಡಿ ಎಡಕ್ಕೆ ಇಳಿಸಿದರು. ಚಕ್ರ ಒಂದು ತಗ್ಗಿಗೆ ಬಿತ್ತು.

ಟಣ್ ಎಂದಿತು. ದೊಡ್ಡ ಸದ್ದೇನಲ್ಲ. ಸೋಡಾ ಬಾಟಲಿ ಒಡೆದ ಹಾಗೆ.

"ತಮ್ಮಾ, ಇದು ಸುಮ್ನ ತಿರಗಾಕತ್ತೈತಿ!" ಎಂದರು ಅಕ್ಕಾರು. ಅವರ ಕೈಯಲ್ಲಿ ಸ್ಟೇರಿಂಗ್ ಬಳೆಯಂತೆ ತಿರುಗುತ್ತಿತ್ತು. ಕಾರು ರಸ್ತೆ ಬಿಟ್ಟು, ದಿಬ್ಬ ಇಳಿದು, ಗಡಿಕಲ್ಲೊಂದಕ್ಕೆ ಮೂತಿ ಕೊಟ್ಟು ನಿಂತಿತು. ಉಸ್ತಾದ್ ಮುಂದಿನ ಹಲಗೆಗೆ ಬಲಗೈ ಊರಿದ್ದರು. ಮೊಣಕೈ ಮಡಚಬಾರದ ಕಡೆಗೆ ಮಡಚಿತು. ಅಕ್ಕಾರ ಹಣೆಯಿಂದ ರಕ್ತ ಇಳಿಯುತ್ತಿತ್ತು. ನನಗೆ ಒಂದು ಗೀರೂ ಆಗಿರಲಿಲ್ಲ. ತೆಂಗಿನಕಾಯಿ ನನ್ನ ತೊಡೆಯಿಂದ ಉರುಳಿ ಹೊಲಕ್ಕೆ ಹೋಗಿ ನಿಂತಿತು. ಒಡೆಯಬೇಕಾದದ್ದು ಒಡೆದಿರಲಿಲ್ಲ.

ಚಕ್ಕಡಿಯವನು ಉಸ್ತಾದರನ್ನು ಹಿಡಿದುಕೊಂಡ. ನಾನು ಚಕ್ರದ ಕೆಳಗೆ ತೂರಿ ಮುರಿದ ಪಿನ್ನನ್ನು ತೆಗೆದೆ. ಮುರಿದ ಜಾಗ ಸಕ್ಕರೆಯ ಹರಳಿನಂತೆ ಮಿನುಗುತ್ತಿತ್ತು. ಹದ ಸರಿಯಿದ್ದ ಉಕ್ಕು ಬಾಗಿ, ಹರಿದು, ನಾರುನಾರಾಗಿ ಮುರಿಯುತ್ತದೆ. ಇದು ಗಾಜು. ಅದನ್ನು ಕಿಸೆಗೆ ಹಾಕಿಕೊಂಡೆ.

ಕುರುಗೋಡಿನಿಂದ ಬಳ್ಳಾರಿಗೆ ಹೊರಟ ಬಸ್ಸು ನಮ್ಮನ್ನು ಹತ್ತಿಸಿಕೊಂಡಿತು. ಅದೇ ಕಂಡಕ್ಟರು. ಉಸ್ತಾದರ ಕೈ ನೋಡಿ, ನನ್ನ ಮುಖ ನೋಡಿ, "ಏನು ಮಾಡಿದೆಪ್ಪಾ ಸರ್ಕಸ್?" ಎಂದ. ಏನಾಯಿತು ಎಂದು ಅವನು ಕೇಳಲಿಲ್ಲ. ಆಸ್ಪತ್ರೆಯಲ್ಲಿ, ಬಜಾರಿನಲ್ಲಿ, ಎಲ್ಲರೂ ಅದನ್ನೇ ಕೇಳಿದರು. ಯಾರ ತಪ್ಪು ಎಂದು ಯಾರಿಗೂ ಅನುಮಾನವಿರಲಿಲ್ಲ.

ಉಸ್ತಾದರಿಗೂ ಇರಲಿಲ್ಲ. ಮನೆಯ ಮಂಚದ ಮೇಲೆ ಕೈಗೆ ಪ್ಲಾಸ್ಟರ್ ಕಟ್ಟಿಸಿಕೊಂಡು ಮಲಗಿ, ಹಣೆಗೆ ಪಟ್ಟಿ ಕಟ್ಟಿದ್ದ ಅಕ್ಕಾರಿಗೆ ಹೇಳಿದರು: "ಅಮ್ಮಾ, ಬಣ್ಣ ನಾ ನೋಡೀನಿ, ಚೊಕ್ಕ ಇತ್ತು. ಈ ಕೋತಿ ಮದಲ ಎಣ್ಣಿ ಬಿಟ್ಟು ನೀರಿಗೆ ಅದ್ದಿರಬೇಕು. ಒಳಗ ಸೀಳು ಬಿಟ್ಟಿರ್ತೈತಿ. ಏನಲೇ?"

"ಹೌದ್ರಿ ಉಸ್ತಾದ್," ಎಂದೆ. "ಡಬ್ಬಿ ಅದಲುಬದಲು ಆಗಿತ್ತು."

ಎಷ್ಟು ಸಲೀಸಾಗಿತ್ತು! ಆ ಸುಳ್ಳು ನನ್ನ ಅಳತೆಗೇ ಹೊಲಿಸಿದ ಅಂಗಿಯಂತೆ ಕೂತಿತು. ಇಡ್ಲಿ ಪಾತ್ರೆಗೆ ಕೀಲಿ ಹಾರಿಸಿದವನು ಡಬ್ಬಿ ಬದಲಿಸಿದ ಎಂದರೆ ನಂಬದವರು ಯಾರು? ಅವರ ಮೂವತ್ತು ವರ್ಷ ಉಳಿಯಿತು, ನನ್ನದು ಹೋಗಲು ಏನೂ ಇರಲಿಲ್ಲ. ಒಂದು ಕ್ಷಣ ನಾನು ಬಹಳ ದೊಡ್ಡ ಮನುಷ್ಯನಾದೆ.

ಅಷ್ಟರಲ್ಲಿ ಒಬ್ಬ ಲಾರಿ ಮಾಲೀಕರು ಗೋಣಿಚೀಲ ಹಿಡಿದು ಒಳಗೆ ಬಂದರು. ಚೀಲದಲ್ಲಿ ಅವರ ಲಾರಿಯ ಮುಂದಿನ ಚಕ್ರಗಳು ಹೊರಳುವ ಎರಡು ಕಿಂಗ್ ಪಿನ್ನುಗಳು. "ಹದಾ ಹಾಕಬೇಕಿತ್ತು. ಈಗ ನಿಮ್ಮ ಕೈ ಹಿಂಗಾತು."

"ಕೈ ಮುರದೈತಿ ಸಾವ್ಕಾರ, ಕಣ್ಣು ಮುರದಿಲ್ಲ," ಎಂದರು ಉಸ್ತಾದ್. "ಇಕ್ಕಳ ಈ ಕೋತಿ ಹಿಡೀತಾನ. ಬಣ್ಣ ನಾ ಹೇಳ್ತೀನಿ. ಶನಿವಾರ ಬರ್ರಿ."

ಆ ಲಾರಿ ನನಗೆ ಗೊತ್ತಿತ್ತು. ಸಿರುಗುಪ್ಪದಿಂದ ಅಕ್ಕಿ ತರುತ್ತಿತ್ತು. ಮೂಟೆಗಳ ಮೇಲೆ ಹಮಾಲರು ಮಲಗಿ ಬರುತ್ತಿದ್ದರು.

"ಉಸ್ತಾದ್," ಎಂದೆ. "ಅವತ್ತು ಬಂದಿದ್ದು ಹುಲ್ಲಿನ ಬಣ್ಣ."

"ಏನಂದಿ?"

"ಹುಲ್ಲು. ನವಿಲುಗೊರಳು ಬಂದಿದ್ದಿಲ್ಲ. ಡಬ್ಬಿ ಬದಲಾಗಿದ್ದಿಲ್ಲ. ಎಣ್ಣಿಗೇ ಅದ್ದಿದ್ದೆ."

"ನೀನ ಹೇಳಿದೆಲ್ಲಲೇ, ನವಿಲು ನಾಚಬೇಕು ಅಂತ!"

"ಸುಳ್ಳು ಹೇಳಿದ್ದೆ ರೀ."

"ಯಾಕ?"

"ನೀವು ಅವತ್ತಿನ ತನಕ ಯಾರನ್ನೂ ಕೇಳಿದ್ದಿಲ್ಲ. ಅಂಜಿಕಿ ಬಂತು."

ಉಸ್ತಾದ್ ಎದ್ದು ಕೂರಲು ನೋಡಿದರು. ಆಗಲಿಲ್ಲ. "ತಪ್ಪು ಮಾಡಿ ನನ್ನ ಕಣ್ಣಿನ ಮ್ಯಾಲ ಹಾಕಾಕ ಬಂದಿಯೇನಲೇ?" ಲಾರಿ ಮಾಲೀಕರು ನನ್ನನ್ನು ಹೊರಗೆ ದಬ್ಬುವವರಂತೆ ಎದ್ದು ನಿಂತರು.

ಅಕ್ಕಾರು ಮಂಚದ ಹತ್ತಿರ ಬಂದರು. ಮೆಲ್ಲಗೆ, ತರಗತಿಯಲ್ಲಿ ಹೆದರಿದ ಮಗುವನ್ನು ಕೇಳುವ ಹಾ‌ಗೆ ಕೇಳಿದರು. "ಉಸ್ತಾದರ, ನಾ ಉಟ್ಟ ಸೀರಿ ಯಾವ ಬಣ್ಣ?"

ಕಿಟಕಿಯ ಬೆಳಕು ಅವರ ಮೇಲಿತ್ತು. ಉಸ್ತಾದ್ ಬಹಳ ಹೊತ್ತು ನೋಡಿದರು.

"ಕರೇದು," ಎಂದರು.

ಸೀರೆ ನೀಲಿ. ಅಚ್ಚ ನೀಲಿ.

ಲಾರಿ ಮಾಲೀಕರು ಬಗ್ಗಿ ತಮ್ಮ ಗೋಣಿಚೀಲ ಎತ್ತಿಕೊಂಡರು. ಸದ್ದಾಗದಂತೆ ಎತ್ತಿಕೊಳ್ಳಬೇಕೆಂದು ನೋಡಿದರೂ ಒಳಗಿನ ಪಿನ್ನುಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಉಸ್ತಾದ್ ಆ ಸದ್ದು ಬಾಗಿಲು ದಾಟಿ ಹೋಗುವ ತನಕ ಕೇಳಿ, ಗೋಡೆಯ ಕಡೆ ತಿರುಗಿದರು.

"ವರ್ಷ ಆತು," ಎಂದರು ಗೋಡೆಗೆ. "ಎಣಸ್ತಿದ್ದೆ. ಇನ್ನೂರಕ್ಕ ಹುಲ್ಲು. ಮುನ್ನೂರಕ್ಕ ಬೆಲ್ಲ. ನಾನೂರಾ ಐವತ್ತಕ್ಕ ನವಿಲು. ಒಂದೂ ತಪ್ಪಿದ್ದಿಲ್ಲ."

ಅಂದು ಅಲುಗಿದ ತುಟಿ ಪ್ರಾರ್ಥನೆಯದಾಗಿರಲಿಲ್ಲ. ಹಸಿ ಇದ್ದಿಲು ಅವರ ಎಣಿಕೆಯಷ್ಟು ಬೇಗ ಕಾದಿರಲಿಲ್ಲ.

ಕಾರನ್ನು ಮತ್ತೆ ಎಳೆಸಿಕೊಂಡು ಬಂದೆವು. ಉಳಿದ ಆಕ್ಸೆಲ್‌ನಲ್ಲಿ ಈ ಸಲ ಐದು ಪಿನ್ನು ಕೊರೆದೆ. ಶೆಟರು ಅರ್ಧ ಇಳಿಸಿ, ಕುಲುಮೆಯ ಮುಂದೆ ಅವರ ಸ್ಟೂಲನ್ನು ಪಕ್ಕಕ್ಕೆ ಸರಿಸಿ, ನೆಲದ ಮೇಲೆ ಕೂತೆ. ಹುಲ್ಲು ಬಂತು, ಬೆಲ್ಲ ಬಂತು, ಬದನೆಕಾಯಿ ಬಂತು. ಕಣ್ಣು ಮಿಟುಕಿಸಿದರೆ ಎಲ್ಲಿ ತಪ್ಪುತ್ತದೋ ಎಂದು ಕಣ್ಣಲ್ಲಿ ನೀರು ಬರುವ ತನಕ ನೋಡಿದೆ. ನವಿಲುಗೊರಳು ಬಂದದ್ದನ್ನು ಹೇಳಲು ಯಾರೂ ಇರಲಿಲ್ಲ. ಐದನೆಯದನ್ನು ವೈಸಿಗೆ ಕಚ್ಚಿಸಿ ದೊಡ್ಡ ಸುತ್ತಿಗೆಯಿಂದ ಹೊಡೆದೆ. ಬಾಗಿತು. ಇನ್ನೂ ಹೊಡೆದೆ. ಇನ್ನೂ ಬಾಗಿತು, ಮುರಿಯಲಿಲ್ಲ. ಅಂದಿನಿಂದ ಅದು ನನ್ನ ಪದ್ಧತಿ. ಬೇಕಾದದ್ದಕ್ಕಿಂತ ಒಂದು ಹೆಚ್ಚು ಮಾಡಿ, ಆ ಒಂದನ್ನು ಕೆಡಿಸಿ ನೋಡುತ್ತೇನೆ.

ಅಕ್ಕಾರು ಕಾರು ಓಡಿಸಿಕೊಂಡು ಸಿರುಗುಪ್ಪಕ್ಕೆ ಹೋದರು. ಹೋಗುವ ಮೊದಲು ಪಿನ್ನುಗಳ ಬಗ್ಗೆ ಬೇರೆ ಏನೂ ಕೇಳಲಿಲ್ಲ. "ಹದಾ ಯಾರು ನೋಡಿದ್ರು?" ಎಂದಷ್ಟೇ ಕೇಳಿದರು. "ನಾನ ರೀ" ಎಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಹತ್ತಿ ಕೂತರು. ಗೋಡೆಯ ಆ ಸಾಲಿನ ಮೊಳೆಗಳೆಲ್ಲ ಖಾಲಿಯಾದವು. ಕಿಸೆಯಿಂದ ತೆಗೆದು ನಾನೇ ಅಲ್ಲಿ ತೂಗುಹಾಕಿದ್ದ ಮುರಿದ ಪಿನ್ನೊಂದನ್ನು ಮಾತ್ರ ಇಳಿಸಲಿಲ್ಲ.

ಉಸ್ತಾದ್ ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಕೆಲವು ತಿಂಗಳ ಮೇಲೆ ಕಣ್ಣಿನ ಪೊರೆ ತೆಗೆಸಿದರು. ಒಂದು ಮಧ್ಯಾಹ್ನ, ಬಾಟಲಿಯ ತಳದಷ್ಟು ದಪ್ಪದ ಕನ್ನಡಕ ಹಾಕಿಕೊಂಡು ಅಂಗಡಿಗೆ ಬಂದರು. ಬಲಗೈ ಮೊಣಕೈಯಲ್ಲಿ ಅರ್ಧ ಮಡಚಿಯೇ ಇತ್ತು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಂತಿದ್ದವು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು, ಎದ್ದು ನಿಂತರು.

ಉಸ್ತಾದ್ ಹೊಸ್ತಿಲಲ್ಲೇ ನಿಂತು ಲೇತು ನೋಡಿದರು, ಗೋಡೆ ನೋಡಿದರು. ಕೆಳಗೆ ನೋಡಿದರು. ಬಗ್ಗಿದರು.

ಬಲಗೈಯ ಬೆರಳುಗಳಿಂದ ನಾಣ್ಯವನ್ನು ಕೆರೆದರು. ಬರಲಿಲ್ಲ. ಮತ್ತೆ ಕೆರೆದರು. "ಬೆರಳು ಸತ್ತಾವ," ಎಂದು ತಮಗೆ ತಾವೇ ಅಂದುಕೊಂಡು, ಎಡಗೈ ಹಾಕಿದರು. ಆ ನಾಣ್ಯ ಅಲ್ಲಿರುವುದು ನನಗೆ ಮರೆತೇಹೋಗಿತ್ತು. ಗಿರಾಕಿಗಳು ನನ್ನ ಮುಖ ನೋಡುತ್ತಿದ್ದರು.

"ಬ್ಯಾಡ್ರಿ ಉಸ್ತಾದ್," ಎಂದೆ. "ಅದು ಬೆಸದದ್ದು."

"ಯಾರಲೇ?"

"ನಾನ."

ಅವರು ಸೊಂಟ ಹಿಡಿದು ಎದ್ದು ನಿಂತು ನಕ್ಕರು. ಎಷ್ಟೋ ತಿಂಗಳ ಮೇಲೆ. "ಬದ್ಮಾಷ್! ಯಾವಾಗ ಬೆಸದಿ?"

ನಾನು ಲೇತು ನಿಲ್ಲಿಸಿದೆ.

"ಪಿನ್ನಿಗೆ ಹದಾ ಹಾಕೂದಕ್ಕ ಎಂಟು ದಿನ ಮದಲು."

ನಗು ಅವರ ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಹೋಯಿತು.

"ನಾ ಇದನ್ನ ದಾಟಿ ಹೋದ್ನೇನು?"

"ಹ್ಞೂಂ ರೀ."

"ನೀ ನೋಡಿದೇನು?"

"ನೋಡಿದೆ."

ಅವರು ಕನ್ನಡಕ ತೆಗೆದು, ಎಡಗೈಯಿಂದ ಅಂಗಿಯ ಚುಂಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು. ನನ್ನನ್ನು ನೋಡಿದರು. ಆ ಹೊಸ ಕಣ್ಣುಗಳು ಕನ್ನಡಕದ ಹಿಂದೆ ಬಹಳ ದೊಡ್ಡದಾಗಿ ಕಾಣುತ್ತಿದ್ದವು.

"ಚಾ ತರಸಲೇನ್ರಿ ಉಸ್ತಾದ್?"

"ಬ್ಯಾಡ."

ತಿರುಗಿ, ನಾಣ್ಯದ ಮೇಲೆ ಕಾಲಿಡದೆ, ಹುಷಾರಾಗಿ ದಾಟಿ, ಬಜಾರಿನ ಜನದೊಳಗೆ ಹೋದರು. ಆಮೇಲೆ ಅವರು ಅಂಗಡಿಗೆ ಬರಲಿಲ್ಲ.

ಆ ಕ್ಷಣವೇ ಉಳಿ ಸುತ್ತಿಗೆ ತಂದು ನಾಣ್ಯ ಕಿತ್ತೆ. ಎರಡು ಹೋಳಾಗಿ ಬಂತು. ಹಿತ್ತಾಳೆಯ ಗುಂಡು ಕಲೆ ತಗಡಿಗೆ ಕಚ್ಚಿಕೊಂಡು ಉಳಿಯಿತು. ಎಷ್ಟು ಅರ ಹಾಕಿದರೂ ಹೋಗಲಿಲ್ಲ, ಉಜ್ಜಿದಷ್ಟೂ ಹೊಳೆಯಿತು. ಹೊಸ ಗಿರಾಕಿಗಳು ಈಗಲೂ ಅದನ್ನು ನೋಡಿ ಬಗ್ಗುತ್ತಾರೆ.